ನರ್ಸಮ್ಮ ಕಂಡ ಸೈತಾನ

ನರ್ಸಮ್ಮನ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಸಣ್ಣ ಸಣ್ಣ ಬಿಳಿ ಗೀರುಗಳಿದ್ದವು. ಇಂಜೆಕ್ಷನ್ ಔಷಧದ ಗಾಜಿನ ಸೀಸೆಯ ಕುತ್ತಿಗೆಯನ್ನು ಮೂವತ್ತು ವರ್ಷ ಅದೇ ಬೆರಳಿನಿಂದ ಮುರಿದು ಮುರಿದು ಆದ ಗೀರುಗಳು. ಹತ್ತಿ ಸುತ್ತಿ ಮುರಿಯಬೇಕು ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದರು, ತಾವು ಮಾತ್ರ ಯಾವತ್ತೂ ಹತ್ತಿ ಹಿಡಿದವರಲ್ಲ. ಭಾನುವಾರದ ಆರಾಧನೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸುವಾಗ ನಾನು ಆ ಬೆರಳನ್ನೇ ನೋಡುತ್ತ ಕೂತಿರುತ್ತಿದ್ದೆ. ಕಣ್ಣು ಮುಚ್ಚಿ ಒಂದು ಕಡೆ ಕೂರುವುದು ನನ್ನಿಂದ ಆಗದ ಕೆಲಸ, ಈಗಲೂ ಆಗದು. ಅವರೂ ಕಣ್ಣು ಮುಚ್ಚುತ್ತಿರಲಿಲ್ಲ. ಒಮ್ಮೆ ಇಬ್ಬರ ನೋಟವೂ ಕೂಡಿದಾಗ ನನ್ನ ಕಡೆ ಬಾಗಿ, “ಯಾರರ ಒಬ್ರು ಬಾಗಲ ನೋಡ್ಕೋಬೇಕಲ್ಲವ್ವ” ಎಂದು ಪಿಸುಗುಟ್ಟಿದ್ದರು.

ಬಳ್ಳಾರಿಯ ಕಂಟೋನ್ಮೆಂಟಿನ ಹಿಂದಿನ ಓಣಿಯಲ್ಲಿ ನಮ್ಮದೊಂದು ಸಣ್ಣ ಪ್ರಾರ್ಥನಾಲಯ. ತಗಡಿನ ಮಾಡು, ಮೂವತ್ತು ಮನೆಯ ಜನ, ಒಂದು ಹಾಡು ಕನ್ನಡದಲ್ಲಾದರೆ ಮುಂದಿನದು ತೆಲುಗಿನಲ್ಲಿ. ನರ್ಸಮ್ಮ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ದುಡಿದು ನಿವೃತ್ತರಾದವರು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ದಾರಿಯಲ್ಲಿ ಸಿಕ್ಕರೆ ನಮಸ್ಕಾರಕ್ಕೂ ಮೊದಲು ಕಣ್ಣಿನ ಕೆಳರೆಪ್ಪೆ ಜಗ್ಗಿ ರಕ್ತ ಎಷ್ಟಿದೆ ಎಂದು ನೋಡುವವರು. ಪಾಸ್ಟರು ಏಪ್ರಿಲ್ ಬಿಸಿಲಿನಲ್ಲಿ ಕೋಟು ಹಾಕಿಕೊಂಡು ಬಂದ ದಿನ ಎಲ್ಲರ ಮುಂದೆಯೇ, “ಅಯ್ಯಗಾರು, ಮೊದಲ ಅದನ್ನ ಬಿಚ್ಚಿ ಇಡ್ರಿ, ಆಮ್ಯಾಲ ನಮ್ಮ ಪಾಪದ ವಿಚಾರ ಮಾಡೂಣು” ಎಂದಿದ್ದರು. ಪಾಸ್ಟರು ಬಿಚ್ಚಿಟ್ಟರು.

ನನಗೆ ಅವರ ಪರಿಚಯ ಗಾಢವಾದದ್ದು ಕಾಯಿಲೆಯಿಂದ. ನಾನಾಗ ಖಾಸಗಿ ಶಾಲೆಯೊಂದರಲ್ಲಿ ಕನ್ನಡ ಟೀಚರ್ ಆಗಿ ಸೇರಿ ಎರಡು ವರ್ಷ ಕಳೆದಿತ್ತು. ತಿಂಗಳುಗಟ್ಟಲೆ ಕೆಮ್ಮು, ಸಂಜೆಯಾದರೆ ಜ್ವರ. ಕಫದ ಪರೀಕ್ಷೆಯಲ್ಲಿ ಟಿ.ಬಿ. ಎಂದು ತಿಳಿಯಿತು. ನಾಚಿಕೆಯಿಂದ ಸತ್ತುಹೋದೆ. ಶಾಲೆಯಲ್ಲಿ ಟೈಫಾಯ್ಡ್ ಎಂದು ಹೇಳಿದೆ, ಪ್ರಾರ್ಥನಾಲಯದ ಸಭೆಯಲ್ಲಿ ಬರೀ ಜ್ವರ ಎಂದೆ. ನಿಜ ಗೊತ್ತಿದ್ದವರು ಮನೆಯವರನ್ನು ಬಿಟ್ಟರೆ ನರ್ಸಮ್ಮ ಒಬ್ಬರೇ. ಆಗಿನ್ನೂ ಅವರು ಕೆಲಸದಲ್ಲಿದ್ದರು, ಅವರ ಕಣ್ಣೆದುರೇ ಮಾತ್ರೆ ನುಂಗಬೇಕಿತ್ತು. ಒಂದು ದಿನ ಹೊಟ್ಟೆ ತೊಳಸುತ್ತಿದೆಯೆಂದು ಒಂದು ಮಾತ್ರೆಯನ್ನು ನಾಲಿಗೆಯ ಕೆಳಗೆ ಅಡಗಿಸಿ ಹೊರಟೆ.

“ನಿಂದ್ರು. ಬಾಯಿ ತಗಿ. ನಾಲಿಗಿ ಎತ್ತು.”

ಎತ್ತಿದೆ. “ಸಾಲಿ ಮಕ್ಕಳಿಗೆ ಇದನ್ನ ಕಲಿಸ್ತೀಯೇನು?” ಎಂದು ನೀರಿನ ಲೋಟ ಮುಂದಿಟ್ಟರು. ಆರು ತಿಂಗಳು ಹೀಗೇ ನಡೆಯಿತು. ಕೊನೆಯ ಮಾತ್ರೆ ನುಂಗಿದ ದಿನ, ಈ ಕಾಯಿಲೆಯ ಹೆಸರು ಯಾರಿಗೂ ಹೇಳಬೇಡಿ ಎಂದು ಕೈಮುಗಿದೆ. “ರೋಗಿ ಗುಟ್ಟು ನನ್ನ ಹೊಟ್ಟ್ಯಾಗ ಇರ್ತೈತಿ, ಹೋಗು” ಎಂದರು. ಆ ಮಾತು ಮುಂದೆ ಅವರ ಕಾಲಿಗೇ ತೊಡಕಾಗುತ್ತದೆ ಎಂದು ಇಬ್ಬರಿಗೂ ತಿಳಿದಿರಲಿಲ್ಲ.

ನಮ್ಮ ಸಭೆಯಲ್ಲಿ ತಿಂಗಳಿಗೊಮ್ಮೆ ಸಾಕ್ಷಿ ಹೇಳುವ ವಾಡಿಕೆ ಇದೆ. ದೇವರು ತನ್ನ ಬದುಕಿನಲ್ಲಿ ಮಾಡಿದ್ದನ್ನು ಎದ್ದು ನಿಂತು ಹೇಳುವುದು. ಮೊದಲ ಸಲ ನಾನು ಹೇಳಿದ್ದು ಇಷ್ಟೇ: ಕಾಯಿಲೆ ಬಿದ್ದಿದ್ದೆ, ಔಷಧ ತಗೊಂಡೆ, ನೀವೆಲ್ಲ ಪ್ರಾರ್ಥನೆ ಮಾಡಿದಿರಿ, ವಾಸಿಯಾಯಿತು. ಅಲ್ಲೊಂದು ಇಲ್ಲೊಂದು ಆಮೆನ್ ಕೇಳಿಸಿತು. ನನ್ನ ನಂತರ ಎದ್ದ ಲಾರಿ ಡ್ರೈವರೊಬ್ಬರು ಬ್ರೇಕ್ ಫೇಲಾಗಿ ಲಾರಿ ತಗ್ಗಿನ ಅಂಚಿಗೆ ಬಂದು ತಾನಾಗಿ ನಿಂತ ಕಥೆ ಹೇಳಿದರು. ತಗಡಿನ ಮಾಡು ಹಾರಿಹೋಗುವಷ್ಟು ಹಲ್ಲೆಲೂಯಾ. ನನಗೆ ಹೊಟ್ಟೆಕಿಚ್ಚಾಯಿತು. ದೇವರ ಮಂದಿರದಲ್ಲಿ ಕೂತು ದೇವರ ಮಹಿಮೆಗೇ ಹೊಟ್ಟೆಕಿಚ್ಚು ಪಟ್ಟವಳು ನಾನು!

ಕಥೆ ಎಲ್ಲಿ ಸಪ್ಪೆಯಾಗುತ್ತದೆ ಎಂಬುದು ಕನ್ನಡ ಟೀಚರಿಗೆ ಮಕ್ಕಳ ಮುಖ ನೋಡಿದರೇ ಗೊತ್ತಾಗುತ್ತದೆ. ದೊಡ್ಡವರ ಮುಖವೂ ಅಷ್ಟೇ. ಎರಡನೆಯ ಸಲ “ಡಾಕ್ಟರು ಕೈಬಿಟ್ಟಿದ್ದರು” ಎಂಬ ಒಂದು ಮಾತು ಸೇರಿಸಿದೆ. ಆಮೆನ್ ಜೋರಾಯಿತು. ಮೂರನೆಯ ಸಲ ಮಾತ್ರೆಯ ವಿಷಯವನ್ನೇ ಬಿಟ್ಟೆ. ಬಿಟ್ಟದ್ದು ಸುಳ್ಳಲ್ಲವಲ್ಲ, ಎಲ್ಲವನ್ನೂ ಹೇಳಲೇಬೇಕೆಂದು ಎಲ್ಲಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಪಾಸ್ಟರಿಗೆ ಸಂತೋಷವಾಗಿ ಬೇರೆ ಊರುಗಳ ಪ್ರಾರ್ಥನಾ ಕೂಟಗಳಿಗೂ ಕರೆದುಕೊಂಡು ಹೋಗತೊಡಗಿದರು. ಸಿರುಗುಪ್ಪದ ಕೂಟಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಿಂದ ತುಂಬಿ ಹರಿಯುವ ಕಾಲುವೆ ಕಂಡಿತು. ಸಂಜೆ ಮೈಕು ಕೈಗೆ ಬಂದಾಗ ಆ ಕಾಲುವೆಯೂ ಬಾಯಿಗೆ ಬಂತು. “ಒಂದು ಮಾತ್ರೆಯನ್ನೂ ನುಂಗಲಿಲ್ಲ. ಎಲ್ಲವನ್ನೂ ಕಾಲುವೆಗೆ ಎಸೆದು, ಸ್ವಾಮಿ, ನೀನೇ ನನ್ನ ವೈದ್ಯ ಎಂದೆ.” ಹೆಂಗಸರು ಎದೆ ಹಿಡಿದುಕೊಂಡು ಅತ್ತರು. ನನಗೂ ಅಳು ಬಂತು, ಅದೇ ಆಶ್ಚರ್ಯ. ಹೇಳುತ್ತಿರುವಷ್ಟು ಹೊತ್ತು ನಾನೂ ಅದನ್ನು ನಂಬಿದ್ದೆ.

ನರ್ಸಮ್ಮ ಆ ಕೂಟಕ್ಕೂ ಬಂದಿದ್ದರು. ಬಾಗಿಲ ಪಕ್ಕದ ಕೊನೆಯ ಸಾಲಿನಲ್ಲಿ ಕೂತು ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ಮರಳಿ ಬರುವಾಗ ಬಸ್ಸಿನಲ್ಲಿ ಏನೂ ಅನ್ನಲಿಲ್ಲ. “ಉಂಡಿಯೇನು?” ಎಂದು ಕೂಡ ಕೇಳಲಿಲ್ಲ. ಅಂದಿನಿಂದ ನನಗೆ ನೆಮ್ಮದಿ ಹಾರಿತು. ಪಾಠ ಮಾಡುವಾಗ ಸೀಮೆಸುಣ್ಣ ಕೈಯಲ್ಲಿ ಮುರಿಯುತ್ತಿತ್ತು. ಬ್ರೂಸ್‌ಪೇಟೆಯ ಸಂತೆಯ ಗದ್ದಲದಲ್ಲಿ ನರ್ಸಮ್ಮ ಉಡುವಂಥ ಬಿಳಿ ಸೀರೆ ಕಂಡರೆ ಅಂಗಡಿಯ ಒಳಗೆ ನುಗ್ಗುತ್ತಿದ್ದೆ. ಆಕೆ ಹೇಳಿಬಿಟ್ಟರೆ? ಈ ಭಯ ಒಂದು ಕಡೆ. ಯಾಕೆ ಹೇಳುತ್ತಿಲ್ಲ ಎಂಬ ಸಿಟ್ಟು ಇನ್ನೊಂದು ಕಡೆ. ಆ ದಿನಗಳಲ್ಲೇ ಪಾಸ್ಟರು ಸೈತಾನನ ಮೇಲೆ ಸಾಲಾಗಿ ಉಪದೇಶ ಮಾಡುತ್ತಿದ್ದರು. ಅವರ ಸೈತಾನ ಗರ್ಜಿಸುತ್ತಿದ್ದ, ಸಾರಾಯಿ ಅಂಗಡಿಯಲ್ಲಿ, ಸಿನಿಮಾ ಥಿಯೇಟರಿನಲ್ಲಿ ಕೂತಿರುತ್ತಿದ್ದ. ಅವನನ್ನು ಗದರಿಸಿ ಓಡಿಸಿ ಎಂದು ಅವರು ಕೂಗಿದಾಗ ಎಲ್ಲರಿಗಿಂತ ಜೋರಾಗಿ ಗದರಿಸುತ್ತಿದ್ದವಳು ನಾನೇ.

ಒಂದು ಶನಿವಾರ ಶಾಲೆ ಬಿಟ್ಟಾಗ ನರ್ಸಮ್ಮ ಗೇಟಿನ ಹೊರಗೆ ಛತ್ರಿ ಹಿಡಿದು ನಿಂತಿದ್ದರು.

“ನಡಿ, ಹಚ್ಚೊಳ್ಳಿಗೆ ಹೋಗಿ ಬರೂಣು.”

“ಯಾಕ್ರಿ?”

“ಅಲ್ಲೊಬ್ಬಾಕಿ ಅದಾಳ. ಸಿರಗುಪ್ಪದ ಕೂಟದಾಗ ನಿನ್ನ ಸಾಕ್ಷಿ ಕೇಳ್ಯಾಳ. ನಿನ್ನ ರೋಗಾನ ಆಕಿಗೂ. ಎರಡು ತಿಂಗಳ ಗುಳಿಗಿ ನುಂಗಿದಾಕಿ, ಉಳದದ್ದೆಲ್ಲಾ ಕಾಲುವಿಗೆ ಒಗದು ಕುಂತಾಳ. ಈಗ ರಕ್ತ ಕೆಮ್ಮಾಕತ್ಯಾಳ. ಅಲ್ಲಿ ಆಶಾ ಕಾರ್ಯಕರ್ತಿ ಹುಡುಗಿ ಹೇಳಿ ಹೇಳಿ ಸಾಕಾಗಿ ನನಗ ಫೋನ್ ಮಾಡಿದ್ಳು.”

ನರ್ಸಮ್ಮ ಬೈಯಲಿಲ್ಲ. ರಟ್ಟೆ ಹಿಡಿದು ಆಟೋ ಹತ್ತಿಸಿದರು, ಬಸ್ ಸ್ಟ್ಯಾಂಡಿನಲ್ಲಿ ಸಿರುಗುಪ್ಪದ ಬಸ್ಸು ಹತ್ತಿಸಿದರು. ದಾರಿಯುದ್ದಕ್ಕೂ ಭತ್ತದ ಗದ್ದೆಗಳು ಓಡುತ್ತಿದ್ದವು, ನನ್ನ ತಲೆ ಅದಕ್ಕಿಂತ ಜೋರಾಗಿ ಓಡುತ್ತಿತ್ತು. ಆ ಹೆಣ್ಣುಮಗಳು ಬದುಕಬೇಕು, ಅದು ಸರಿ. ಆದರೆ ನಾನು ಸುಳ್ಳಿ ಎಂದು ಹಳ್ಳಿಯಿಂದ ಹಳ್ಳಿಗೆ ಸುದ್ದಿ ಹೋದರೆ? ಶಾಲೆಗೆ ಟಿ.ಬಿ. ಸುದ್ದಿ ಮುಟ್ಟಿದರೆ? ಅರ್ಧ ದಾರಿಗೆ ಬರುವ ಹೊತ್ತಿಗೆ ಆಕೆಯ ಜೀವ, ನನ್ನ ಮಾನ ಎರಡನ್ನೂ ಉಳಿಸುವ ಉಪಾಯ ಹೊಳೆಯಿತು. ಅದು ನಿಜವಾಗಿಯೂ ದೇವರೇ ಕೊಟ್ಟ ಬುದ್ಧಿ ಎನಿಸಿ ಮನಸ್ಸು ಹಗುರಾಯಿತು.

“ನರ್ಸಮ್ಮ, ಒಂದು ದಾರಿ ಐತ್ರಿ. ದೇವರು ನನ್ನ ಕನಸಿನಾಗ ಬಂದು, ಆಕಿಗೆ ಗುಳಿಗಿ ನುಂಗಾಕ ಹೇಳು ಅಂದ ಅಂತ ಹೇಳಿಬಿಡ್ತೀನಿ. ನನ್ನ ಮಾತು ಆಕಿ ತಗದುಹಾಕಂಗಿಲ್ಲ. ಜೀವ ಉಳೀತೈತಿ.”

ಅವರು ಕಿಟಕಿಯಿಂದ ನನ್ನ ಕಡೆ ತಿರುಗಿದರು.

“ಬಂದಿದ್ನೇನು ಕನಸಿನಾಗ?”

“ಇಲ್ರಿ.”

“ಹಳೇ ಸುಳ್ಳು ವಾಂತಿ ಮಾಡಸಾಕ ಹೊಸಾ ಸುಳ್ಳು ಕುಡಸ್ತೀಯೇನು? ನಾಳಿ ಇನ್ನೊಬ್ರ ಕನಸಿನಾಗ ದೇವರು ಬ್ಯಾರೇನರ ಹೇಳಿದ್ರ ಆಕಿ ಅದನ್ನೂ ನಂಬ್ತಾಳ.”

“ಜೀವ ಉಳದ್ರ ಸಾಕಲ್ರಿ!”

“ಆಕಿ ಜೀವ ಉಳಸಾಕ ಹೊಂಟೀಯೋ, ನಿನ್ನ ಹೆಸರು ಉಳಸಾಕ ಹೊಂಟೀಯೋ, ಅದನ್ನ ಹೇಳು. ಕೆಟ್ಟದ್ದು ಮಾಡು ಅಂತ ಸೈತಾನ ಯಾವತ್ತರ ನಿನಗ ಹೇಳ್ಯಾನೇನು? ಒಳ್ಳೇದ ಮಾಡವ್ವ, ಆದ್ರ ಹಿಂಗ ಮಾಡು ಅಂತಾನ. ಇಷ್ಟು ದಿನ ಅವ ನಿನ್ನ ದನಿಯಾಗ ಮಾತಾಡ್ಯಾನ, ನಿನಗ ಗುರುತು ಸಿಕ್ಕಿಲ್ಲ.”

ನನಗೆ ಸಿಟ್ಟು ಬಂತು. ಸಿರುಗುಪ್ಪ ಬರುವವರೆಗೆ ಮುಖ ತಿರುಗಿಸಿಕೊಂಡು ಕೂತೆ.

ಅಲ್ಲಿ ಬಸ್ಸು ಬದಲಿಸಿ ಮುಟ್ಟಿದ ಹಚ್ಚೊಳ್ಳಿಯಲ್ಲಿ ಆ ಹೆಣ್ಣುಮಗಳ ಮನೆಯ ಅಂಗಳದ ತುಂಬ ಮೆಣಸಿನಕಾಯಿ ಒಣಹಾಕಿದ್ದರು. ಆ ಘಾಟಿನಲ್ಲಿ ನಮಗೇ ಕೆಮ್ಮು ಬರುತ್ತಿತ್ತು, ಆಕೆ ಅಲ್ಲೇ ಕಟ್ಟೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ಇಪ್ಪತ್ತೆರಡು ಇಪ್ಪತ್ಮೂರರ ವಯಸ್ಸು, ಕೆನ್ನೆ ಒಳಗೆ ಹೋಗಿದ್ದವು. ಎರಡು ವರ್ಷದ ಮಗಳನ್ನು ಅತ್ತೆ ದೂರದಲ್ಲಿ ಸೊಂಟದ ಮೇಲೆ ಹೊತ್ತು ನಿಂತಿದ್ದಳು. ಮಗು ತಾಯಿಯ ಕಡೆ ಕೈಚಾಚುತ್ತಿತ್ತು. ನನ್ನನ್ನು ಕಂಡದ್ದೇ ಆಕೆ ಕಷ್ಟಪಟ್ಟು ಎದ್ದು ನನ್ನ ಎರಡೂ ಕೈ ಹಿಡಿದುಕೊಂಡಳು.

“ಅಕ್ಕಾರ, ನೀವು ಹೇಳ್ದಂಗ ಮಾಡಿನ್ರಿ. ಎಲ್ಲಾ ಕಾಲುವಿಗೆ ಒಗದೆ. ಆದ್ರೂ ಕಡಿಮಿ ಆಗವಲ್ದು. ನನ್ನ ನಂಬಿಕಿನ ಸಣ್ಣದಿರಬೇಕಲ್ರಿ? ಒಂದೀಟು ತಲಿ ಮ್ಯಾಲೆ ಕೈ ಇಟ್ಟು ಪ್ರಾರ್ಥನೆ ಮಾಡ್ರಿ.”

ತನ್ನ ನಂಬಿಕೆಯೇ ಸಣ್ಣದು ಎಂದು ಆಕೆ ತನ್ನನ್ನು ತಾನೇ ಬೈದುಕೊಂಡು ರಕ್ತ ಕೆಮ್ಮುತ್ತಿದ್ದಳು. ಕನಸಿನ ಮಾತು ಆಗಲೂ ನನ್ನ ಬಾಯಲ್ಲಿತ್ತು. ಒಂದು ಉಸಿರಿನಲ್ಲಿ ಹೇಳಿ ಮುಗಿಸಬಹುದಿತ್ತು, ಆಕೆ ನನ್ನ ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ನರ್ಸಮ್ಮನ ಕಡೆ ನೋಡಿದೆ. ಅವರು ನನ್ನ ನೆರವಿಗೆ ಬರಲಿಲ್ಲ, ಛತ್ರಿ ಮಡಚುತ್ತ ನಿಂತಿದ್ದರು.

“ತಂಗಿ, ನಾ ಸುಳ್ಳು ಹೇಳಿದ್ದೆ,” ಎಂದೆ. “ನನಗೂ ಟಿ.ಬಿ. ಆಗಿತ್ತು. ಆರು ತಿಂಗಳ ಗುಳಿಗಿ ನುಂಗೀನಿ, ಒಂದೂ ಬಿಟ್ಟಿಲ್ಲ. ಬಿಡಾಕ ಹೋದ್ರ ಇವರು ಬಿಡಗೊಟ್ಟಿಲ್ಲ. ಕಾಲುವಿಗೆ ನಾ ಏನೂ ಒಗದಿಲ್ಲ.”

ಆಕೆ ನನ್ನ ಕೈ ಬಿಟ್ಟಳು. “ಯಾವ ಬಾಯಿಲೆ ಹೇಳಿದ್ದಿ ಹಂಗಾರ? ನಮ್ಮ ಮನಿ ಹುಡುಗಿನ ಸಾಯಿಸಾಕಾ?” ಎಂದು ಅತ್ತೆ ಕೂಗಿದಳು. ಇನ್ನೂ ಬಹಳ ಅಂದಳು, ಅಷ್ಟೂ ನನಗೆ ಸಲ್ಲಬೇಕಾದದ್ದೇ. ಸೊಸೆ ಕೂಗಲಿಲ್ಲ. ನನ್ನನ್ನಲ್ಲ, ನರ್ಸಮ್ಮನನ್ನು ಕೇಳಿದಳು: “ಹಂಗಾರ ದೇವರು ಇವರಿಗೆ ಏನೂ ಮಾಡ್ಲಿಲ್ಲೇನ್ರಿ?”

“ಮಾಡ್ಯಾನಲ್ಲವ್ವ. ನನ್ನಂಥ ಸಿಡುಕಿ ಆರು ತಿಂಗಳ ಈಕಿ ಬಾಯಿ ತಗಸಿ ನೋಡೂ ಹಂಗ ಮಾಡ್ಯಾನ. ಸಣ್ಣ ಕೆಲಸ ಅಂದ್ಕೊಂಡಿಯೇನು ಅದು?”

ಆಕೆ ನಗಲಿಲ್ಲ, ಆದರೆ ಕೇಳಿಸಿಕೊಂಡಳು. ಸೋಮವಾರವೇ ಸಿರುಗುಪ್ಪದಲ್ಲಿ ಮತ್ತೆ ಕಫ ಪರೀಕ್ಷೆ ಮಾಡಿಸಬೇಕು, ಔಷಧ ಮೊದಲಿನಿಂದ ಶುರುವಾಗಬೇಕು ಎಂದು ನರ್ಸಮ್ಮ ಆಶಾ ಕಾರ್ಯಕರ್ತೆಯನ್ನು ಕರೆದು ಒಪ್ಪಿಸಿದರು. ಮೆಣಸಿನಕಾಯಿಯನ್ನು ಬೇರೆ ಕಡೆ ಒಣಹಾಕಿಸಿಯೇ ಅಲ್ಲಿಂದ ಹೊರಟರು.

ಸಿರುಗುಪ್ಪದ ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮಿರ್ಚಿ ತೆಗೆದುಕೊಂಡು ಬೆಂಚಿನ ಮೇಲೆ ಕೂತರು. ನಾನು ಅದನ್ನು ಮುಟ್ಟಲಿಲ್ಲ. ಅವರು ತಿನ್ನುತ್ತಲೇ ಮಾತಾಡಿದರು, ಅಷ್ಟು ಉದ್ದ ಅವರು ಮಾತಾಡಿದ್ದು ಅದೊಂದೇ ಸಲ.

“ಯೇಸಪ್ಪನ್ನ ಗುಡಿ ಶಿಖರದ ಮ್ಯಾಲೆ ನಿಂದ್ರಸಿ, ಜಿಗಿ, ದೇವದೂತರು ಹಿಡೀತಾರ ಅಂದ್ನಲ್ಲ ಸೈತಾನ. ಯಾಕ ಅಂದ? ಕೆಳಗ ಮಂದಿ ಇತ್ತು, ಚಪ್ಪಾಳಿ ಹೊಡೀತಿತ್ತು. ಅವ ಜಿಗೀಲಿಲ್ಲ. ಇಳಿಯಾಕ ಮೆಟ್ಟಲ ಇದ್ವಲ್ಲ. ಗುಳಿಗಿ ಅಂದ್ರ ದೇವರು ಕೊಟ್ಟ ಮೆಟ್ಟಲ. ನೀ ಮೆಟ್ಟಲ ಇಳದು ಬಂದು, ಜಿಗದೆ ಅಂತ ಹೇಳಿದಿ. ಆ ಹುಡುಗಿ ಖರೇನ ಜಿಗದ್ಳು.”

ನಾನು ಅತ್ತೆ. ಅವರು ಅಳಲು ಬಿಟ್ಟರು.

“ನೀ ಒಬ್ಬಾಕಿ ಬಿದ್ದಿಲ್ಲ ಬಿಡು. ಡಾಕ್ಟರು ಕೈಬಿಟ್ಟಿದ್ರು ಅಂದ್ಯಲ್ಲ, ಅವತ್ತ ನಿನ್ನ ಮನಿಗೆ ಬಂದು ನಿನಗಷ್ಟ ಹೇಳಬಹುದಿತ್ತು. ಹೇಳ್ಲಿಲ್ಲ. ರೋಗಿ ಗುಟ್ಟು ಅಂತ ನೆವ ತಗದೆ. ಹುಡುಗಿ ಬ್ಯಾಸರ ಮಾಡ್ಕೊಂತಾಳ, ಪಾಸ್ಟರು ಮಾರಿ ಸಣ್ಣದು ಮಾಡ್ತಾರ, ನನಗ್ಯಾಕ ಬೇಕು ಅಂದ್ಕೊಂಡೆ. ನಿನಗ ಮಾತಾಡು ಅಂದಾವನೇ ನನಗ ಸುಮ್ಮನಿರು ಅಂದ್ನವ್ವ. ನಾನೂ ಕೇಳಿದೆ.”

ಇಷ್ಟು ಹೇಳಿ ಕಾಗದದ ಪೊಟ್ಟಣವನ್ನು ನನ್ನ ತೊಡೆಯ ಮೇಲಿಟ್ಟು, “ತಿನ್ನು. ಖಾಲಿ ಹೊಟ್ಟಿ ಕಂಡ್ರ ಅವಗ ಇನ್ನಾ ಸಲೀಸು” ಎಂದರು.

ಆಗಲೇ ಹೇಳಿಬಿಟ್ಟರು: ಮೈಕಿನಲ್ಲಿ ಹೇಳಿದ್ದನ್ನು ಮೈಕಿನಲ್ಲೇ ತೆಗೆಯಬೇಕು. ಮುಂದಿನ ಭಾನುವಾರ ಮಧ್ಯಾಹ್ನ ಕುರುಗೋಡಿನಲ್ಲಿ ದೊಡ್ಡ ಕೂಟವಿತ್ತು, ನನ್ನ ಸಾಕ್ಷಿಯೇ ಮುಖ್ಯ. ಆ ವಾರ ನಾನು ಕೂತಲ್ಲಿ ಕೂರಲಿಲ್ಲ. ಜ್ವರ ಬರಲಿ ಎಂದು ಕೂಡ ಬೇಡಿಕೊಂಡೆ. ಜ್ವರ ಬರಲಿಲ್ಲ. ನರ್ಸಮ್ಮ ಒಂದು ಉಪಾಯ ಹೇಳಿಕೊಟ್ಟಿದ್ದರು: “ಸೈತಾನನ ಜೊತಿ ವಾದ ಮಾಡಾಕ ಹೋಗಬ್ಯಾಡ, ಅವ ನಿನಗಿಂತ ಹಳೇ ವಕೀಲ. ಮಾತಾಡೂ ಮುಂದ, ಆ ಮಾತು ಖರೇನೋ ಸುಳ್ಳೋ ಯಾರಿಗೆ ಗೊತ್ತೈತೋ ಅವರ ಮಾರಿ ನೋಡಿ ಮಾತಾಡು.” ಯಾವತ್ತೂ ಬಾಗಿಲ ಪಕ್ಕ ಬಿಟ್ಟು ಏಳದವರು ಕುರುಗೋಡಿನ ಶಾಮಿಯಾನದಲ್ಲಿ ಎಲ್ಲಕ್ಕಿಂತ ಮುಂದಿನ ಸಾಲಿನಲ್ಲಿ, ನನ್ನ ಎದುರಿಗೇ ಬಂದು ಕೂತರು.

ಆ ಮುಖ ನೋಡುತ್ತ ಎಲ್ಲವನ್ನೂ ಹೇಳಿದೆ. ಟಿ.ಬಿ. ಎಂಬ ಹೆಸರನ್ನೂ, ಆರು ತಿಂಗಳ ಮಾತ್ರೆಯನ್ನೂ, ಇಲ್ಲದ ಕಾಲುವೆಯನ್ನೂ, ಹಚ್ಚೊಳ್ಳಿಯಲ್ಲಿ ಆದದ್ದನ್ನೂ. ಔಷಧ ನುಂಗುತ್ತಿರುವವರು ದಯವಿಟ್ಟು ಬಿಡಬೇಡಿ ಎಂದೆ. ಒಂದು ಆಮೆನ್ ಇಲ್ಲ. ಜನರೇಟರಿನ ಸದ್ದು ಮಾತ್ರ ಕೇಳಿಸುತ್ತಿತ್ತು. ಪಾಸ್ಟರು ಮೈಕು ತೆಗೆದುಕೊಂಡು ಗಡಿಬಿಡಿಯಲ್ಲಿ ಹಾಡು ಎತ್ತಿದರು.

ಆಮೇಲೆ ನನ್ನನ್ನು ಯಾವ ಕೂಟಕ್ಕೂ ಕರೆಯಲಿಲ್ಲ. ಶಾಲೆಯಲ್ಲಿ ಇಬ್ಬರು ಟೀಚರುಗಳು ಬುತ್ತಿ ತೆಗೆದುಕೊಂಡು ಬೇರೆ ಕೋಣೆಗೆ ಹೋದರು, ಒಂದು ವರ್ಷದ ಮೇಲೆ ತಾವಾಗಿ ವಾಪಸ್ಸು ಬಂದರು. ಪಾಸ್ಟರು ಹದಿನೈದು ದಿನ ಬಿಟ್ಟು ಮನೆಗೆ ಬಂದು, “ಟೀಚರ್, ಖರೇನಾ ಅಂತ ನಾನು ಒಂದು ಸಲನೂ ಕೇಳ್ಲಿಲ್ಲ, ಕೇಳಬೇಕಿತ್ತು” ಎಂದರು. ಒಳ್ಳೆಯ ಮನುಷ್ಯ. ಹಚ್ಚೊಳ್ಳಿಯ ಹೆಣ್ಣುಮಗಳು ಪೂರ್ತಿ ಔಷಧ ನುಂಗಿ ಎದ್ದಳು, ಓಡಾಡಿದರೆ ಏದುಸಿರು ಮಾತ್ರ ಉಳಿಯಿತು. ನರ್ಸಮ್ಮ ತಿಂಗಳಿಗೊಮ್ಮೆ ಹೋಗಿ ನೋಡಿ ಬರುತ್ತಿದ್ದರು. ನಾನೂ ಎರಡು ಸಲ ಜೊತೆಗೆ ಹೋದೆ. ಆಕೆ ನನಗೂ ನೀರು ಕೊಟ್ಟಳು, ಮಾತಾಡಿಸಲಿಲ್ಲ.

ನಾಲ್ಕು ವರ್ಷ ಕಳೆದವು. ಹೋದ ವರ್ಷ ಬೇಸಿಗೆಯಲ್ಲಿ ನರ್ಸಮ್ಮನ ಹೃದಯ ಸೋತಿತು. ಡಾಕ್ಟರು ಮನೆಗೆ ಕಳಿಸಿದ ಮೇಲೆ ಸರದಿಯಂತೆ ನಾವು ಹೆಂಗಸರು ನೋಡಿಕೊಳ್ಳುತ್ತಿದ್ದೆವು. ಅವರು ಹೋದದ್ದು ನನ್ನ ಸರದಿಯಲ್ಲಿ, ಒಂದು ಮಧ್ಯಾಹ್ನ, ಆ ಕೋಣೆಯಲ್ಲಿ ನಾನೊಬ್ಬಳೇ ಇದ್ದಾಗ.

ಸ್ಮರಣೆಯ ಕೂಟಕ್ಕೆ ಪ್ರಾರ್ಥನಾಲಯ ತುಂಬಿ ಹೊರಗೂ ಜನ ನಿಂತಿದ್ದರು. ಅವರಿಂದ ಸೂಜಿ ಚುಚ್ಚಿಸಿಕೊಂಡವರು, ಹೆರಿಗೆ ಮಾಡಿಸಿಕೊಂಡವರು, ಬೈಸಿಕೊಂಡವರು. ಹಚ್ಚೊಳ್ಳಿಯ ಆಕೆಯೂ ಮಗಳನ್ನು ಕರೆದುಕೊಂಡು ಬಂದು ಮೂರನೆಯ ಸಾಲಿನಲ್ಲಿ ಕೂತಿದ್ದಳು. ಪಾಸ್ಟರು ಮೈಕನ್ನು ನನ್ನ ಕೈಗೆ ಕೊಟ್ಟು, “ಕೊನೀ ಘಳಿಗ್ಯಾಗ ಟೀಚರ್ ಇದ್ರು. ನಮ್ಮ ತಾಯಿ ಕೊನೀ ಮಾತು ಏನಿತ್ತು, ಹೇಳಲಿ” ಎಂದರು. ಅಷ್ಟೂ ಜನ ಉಸಿರು ಹಿಡಿದು ನನ್ನ ಕಡೆ ನೋಡಿದರು. ಆ ನೋಟ ನನಗೆ ಗೊತ್ತು, ಅದರ ರುಚಿಯೂ ಗೊತ್ತು. “ಸ್ವಾಮಿ, ಬಂದೆ” ಎಂದರು ಎಂದು ಹೇಳಿದರೆ ಸಾಕಿತ್ತು. “ಬಾಗಿಲಲ್ಲಿ ಬೆಳಕು ಕಾಣುತ್ತಿದೆ” ಎಂದರು ಎಂದು ಹೇಳಿದರೂ ನಡೆಯುತ್ತಿತ್ತು. ಅದರಿಂದ ಯಾರಿಗೂ ಕೇಡಿಲ್ಲ, ದುಃಖದಲ್ಲಿದ್ದವರಿಗೆ ಸಮಾಧಾನ, ಅವರಿಗೂ ಗೌರವ. ನನ್ನ ದನಿಯೇ ಇದನ್ನೆಲ್ಲ ನನ್ನೊಳಗೆ ಮೆಲ್ಲಗೆ ಹೇಳುತ್ತಿತ್ತು. ಯಾರ ಮುಖ ನೋಡಿ ಮಾತಾಡಬೇಕೋ ಆ ಮುಖ ಮಣ್ಣಿನಲ್ಲಿತ್ತು. ಸುಳ್ಳು ಎನ್ನಬಲ್ಲವರು ಭೂಮಿಯ ಮೇಲೆ ಒಬ್ಬರೂ ಉಳಿದಿರಲಿಲ್ಲ.

“ಫ್ಯಾನ್ ಸಣ್ಣ ಮಾಡವ್ವ, ಥಂಡಿ ಆಗ್ತೈತಿ ಅಂದ್ರು,” ಎಂದೆ. “ನಾನು ಎದ್ದು ಸಣ್ಣ ಮಾಡಿ ತಿರುಗಿ ನೋಡೂದ್ರಾಗ ಹೋಗಿದ್ರು. ಬೇರೇನೂ ಹೇಳ್ಲಿಲ್ಲ.”

ಮುಂದಿನ ಸಾಲಿನವರ ಮುಖ ಸಪ್ಪಗಾಯಿತು. ಪಾಸ್ಟರು ಇನ್ನೇನಾದರೂ ಬರಬಹುದೆಂದು ಕಾದು, ಬರದಿದ್ದಾಗ ತಲೆಯಾಡಿಸಿ ಮೈಕು ತೆಗೆದುಕೊಂಡರು. ಕೂಟ ಮುಗಿದು ಹೊರಗೆ ಮೆಟ್ಟಿಲ ಬಳಿ ಚಪ್ಪಲಿ ಹುಡುಕುತ್ತಿದ್ದೆ. ಯಾರೋ ನನ್ನ ಜೋಡನ್ನು ಕಾಲಿನಿಂದ ನನ್ನ ಕಡೆಗೆ ಸರಿಸಿದರು. ತಲೆಯೆತ್ತಿ ನೋಡಿದರೆ ಹಚ್ಚೊಳ್ಳಿಯ ಆಕೆ. ಕಣ್ಣು ಕೆಂಪಗಾಗಿದ್ದವು.

“ಹೌದ್ರಿ ಅಕ್ಕಾ,” ಎಂದಳು. “ನಮ್ಮ ಮನಿಗೆ ಬಂದಾಗ್ಲೂ ಅವರು ಫ್ಯಾನಿನ ಕೆಳಗ ಕುಂದ್ರತಿರ್ಲಿಲ್ಲ.”

ನಾಲ್ಕು ವರ್ಷದಲ್ಲಿ ಆಕೆ ನನ್ನೊಡನೆ ಆಡಿದ ಮೊದಲ ಮಾತು ಅದು. ನಾನು ಹೇಳಿದ್ದನ್ನು ಆಕೆ ನಂಬಿದ್ದಳು. ನರ್ಸಮ್ಮನನ್ನು ಹೂಳುವಾಗಲೂ ಬಾರದ ಅಳು ಆಗ ಬಂತು, ಆ ಮೆಟ್ಟಿಲ ಮೇಲೆ ಎಲ್ಲರೆದುರು ಕೂತು ಅತ್ತೆ.